ಬತಾಂಗಸ್: ತಾಆಲ್ ಕೆರೆಯ ಸುತ್ತಲಿನ ಸೀಮೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಿಪೀನ್ಸ್‌ಗೆ ಓದಲು ಹೋಗುವ ಮಕ್ಕಳು, ಕಾಫಿ ತೋಟದವರು, ಕಡಲಲ್ಲಿ ಮುಳುಗು ಹಾಕುವವರು, ಪದಗಳ ಬೆನ್ನು ಹತ್ತುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದ್ದು ಮೊದಲು, ಬಿಗಿಯಾದದ್ದು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಬತಾಂಗಸ್ ಎಲ್ಲಿದೆ? ಮನಿಲಾ ಪಕ್ಕದ ಊರೇ?

ಊರೂ ಹೌದು, ಪ್ರಾಂತ್ಯವೂ ಹೌದು. ಲುಝಾನ್ ದ್ವೀಪದ ನೈಋತ್ಯ ತುದಿಯಲ್ಲಿ, ಮನಿಲಾದಿಂದ ದಕ್ಷಿಣಕ್ಕಿರುವ ತಗಾಲೊಗ್ ಮಾತಿನ ಪ್ರಾಂತ್ಯ ಇದು. ರಾಜಧಾನಿ ಬತಾಂಗಸ್ ನಗರ ಮನಿಲಾದಿಂದ ಸುಮಾರು 110 ಕಿ.ಮೀ. ದೂರ. ಪ್ರಾಂತ್ಯದ ವಿಸ್ತೀರ್ಣ 3,100 ಚದರ ಕಿ.ಮೀ.ಗಿಂತ ತುಸು ಹೆಚ್ಚು, ಅಂದರೆ ನಮ್ಮ ಕೊಡಗಿಗಿಂತ ಚಿಕ್ಕದು. ಜನ ಮಾತ್ರ ಕೊಡಗಿನ ಐದು ಪಟ್ಟು: 2020ರ ಗಣತಿಯಲ್ಲಿ 29,08,494. ಒಟ್ಟು 34 ಪಟ್ಟಣಾಡಳಿತಗಳಿದ್ದು, ಅವುಗಳಲ್ಲಿ ಐದಕ್ಕೆ ನಗರದ ಪಟ್ಟವಿದೆ: ಬತಾಂಗಸ್, ಲಿಪಾ, ತನಾವನ್, ಸಾಂತೊ ತೋಮಸ್, ಕಲಾಕಾ. ಅದರ ಕೆಳಗಿನ ಘಟಕಕ್ಕೆ ಬರಾಂಗಾಯ್ ಎನ್ನುತ್ತಾರೆ. ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಎಂದುಕೊಳ್ಳಿ.

ಹೆಸರಿನ ಅರ್ಥ ಏನು?

ತಗಾಲೊಗ್‌ನಲ್ಲಿ 'ಬತಾಂಗ್' ಎಂದರೆ ದಿಮ್ಮಿ. ದಿಮ್ಮಿಗಳು ತೇಲಿ ಬರುತ್ತಿದ್ದ ಜಾಗ 'ಬತಾಂಗನ್', ಅದೇ ಸ್ಪೇನಿನವರ ಬಾಯಲ್ಲಿ ಬತಾಂಗಸ್ ಆಯಿತು ಎನ್ನುತ್ತಾರೆ. ಪ್ರಾಂತ್ಯ ತನ್ನ ಹುಟ್ಟನ್ನು 1581ರಿಂದ ಎಣಿಸಿ ಡಿಸೆಂಬರ್ 8ರಂದು ಹಬ್ಬ ಮಾಡುತ್ತದೆ. ಈ ಹೆಸರು ಬಂದದ್ದು ಆಮೇಲೆ. ಮೊದಲು ಬಲಾಯಾನ್, ನಂತರ ತಾಆಲ್. 1754ರ ಜ್ವಾಲಾಮುಖಿ ಸಿಡಿತದಲ್ಲಿ ತಾಆಲ್ ಊರು ಹಾಳಾದ ಮೇಲೆ ರಾಜಧಾನಿ ಬತಾಂಗಸ್‌ಗೆ ಹೋಯಿತು, ಅದರ ಹಿಂದೆಯೇ ಹೆಸರೂ ಹೋಯಿತು.

ತಾಆಲ್ ಅಂದರೆ ಊರೋ, ಕೆರೆಯೋ, ಜ್ವಾಲಾಮುಖಿಯೋ?

ಮೂರೂ. ಪತ್ರಿಕೆಗಳಲ್ಲಿ 'ತಾಲ್' ಎಂದು ಬರೆಯುತ್ತಾರೆ. ಅಲ್ಲಿಯವರು ತಾ-ಆಲ್ ಎಂದು ಬಿಡಿಸಿ ಹೇಳುತ್ತಾರೆ. ಸುಮಾರು 25ರಿಂದ 30 ಕಿ.ಮೀ. ಅಗಲದ ಹಳೆಯ ಜ್ವಾಲಾಮುಖಿ ಕುಳಿಯಲ್ಲಿ ನೀರು ನಿಂತು ಸುಮಾರು 234 ಚದರ ಕಿ.ಮೀ. ಕೆರೆಯಾಗಿದೆ. ಅದರ ನಡುವೆ ಜ್ವಾಲಾಮುಖಿ ದ್ವೀಪ, ದ್ವೀಪದ ನೆತ್ತಿಯ ಕುಳಿಯಲ್ಲಿ ಇನ್ನೊಂದು ಪುಟ್ಟ ಕೆರೆ. ಎತ್ತರ ಬರೀ 311 ಮೀಟರ್. ನಂದಿ ಬೆಟ್ಟ ಹತ್ತಿದವರಿಗೆ ಇದು ದಿಬ್ಬವೆನಿಸೀತು, ಆದರೆ ದೇಶದ ಅತಿ ಅಪಾಯದ ಜ್ವಾಲಾಮುಖಿಗಳಲ್ಲಿ ಇದೂ ಒಂದು. ತಾಆಲ್ ಊರು ಈಗ ಕೆರೆಯಂಚಿನಲ್ಲಿಲ್ಲ, ಬಲಾಯಾನ್ ಕೊಲ್ಲಿಯ ಕಡೆಗಿದೆ.

ಎಲ್ಲರೂ ಎಡವುವ ಇನ್ನೊಂದು ಜಾಗವಿದೆ. ಚಿತ್ರಗಳಲ್ಲಿ ಕಾಣುವ 'ತಾಆಲ್ ನೋಟ' ಹೆಚ್ಚಾಗಿ ತಗಾಯ್ತಾಯ್ ಏಣಿನಿಂದ ತೆಗೆದದ್ದು. ತಗಾಯ್ತಾಯ್ ಇರುವುದು ಪಕ್ಕದ ಕವೀತೆ ಪ್ರಾಂತ್ಯದಲ್ಲಿ. ನೋಟದ ದುಡ್ಡು ಅವರಿಗೆ, ಬೂದಿ ಮಾತ್ರ ಬತಾಂಗಸ್‌ಗೆ ಎಂದು ಕೆರೆಯ ಈಚೆ ದಡದವರು ಗೊಣಗಿದರೆ ತಪ್ಪೇನಿಲ್ಲ.

ಮನಿಲಾದಿಂದ ಹೋಗುವುದು ಹೇಗೆ? ತಪ್ಪು ಬಸ್ ಹತ್ತಿದರೆ?

ಪಾಸಾಯ್‌ನ ಬುಯೆಂದಿಯಾ ಕಡೆಯಿಂದಲೂ ಕುಬಾವೊದಿಂದಲೂ ಬಸ್ಸುಗಳಿವೆ. ಟೋಲ್ ರಸ್ತೆ ಖಾಲಿಯಿದ್ದರೆ ಎರಡು, ಎರಡೂವರೆ ಗಂಟೆ. ಶುಕ್ರವಾರ ಸಂಜೆಯಾದರೆ ಲೆಕ್ಕವೇ ಇಲ್ಲ. ಗಾಜಿನ ಮೇಲಿನ ಬೋರ್ಡನ್ನು ಸರಿಯಾಗಿ ಓದಿಕೊಳ್ಳಬೇಕು. ತಾಆಲ್ ಊರಿಗೆ ಹೋಗುವವರು 'ಲೆಮೆರಿ' ಬೋರ್ಡಿನ ಬಸ್ ಹಿಡಿಯಬೇಕು; ಎರಡೂ ಅಕ್ಕಪಕ್ಕದ ಊರುಗಳು. ಮಿಂದೊರೊ ದ್ವೀಪಕ್ಕೆ ದೋಣಿ ಹಿಡಿಯುವವರಿಗೆ 'ಬತಾಂಗಸ್ ಪಿಯರ್'. ಬರೀ 'ಗ್ರ್ಯಾಂಡ್ ಟರ್ಮಿನಲ್' ಎಂದಿದ್ದರೆ ಅದು ಅಲಾಂಗಿಲಾನ್‌ನ ಬಸ್ ನಿಲ್ದಾಣ. ಬಂದರು ಅಲ್ಲಿಂದ ಹಲವು ಕಿ.ಮೀ. ದೂರ, ಕೊನೆಯ ದೋಣಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಅನಿಲಾವೊದಲ್ಲಿ ಡೈವಿಂಗ್ ಮಾಡುವವರು ಗ್ರ್ಯಾಂಡ್ ಟರ್ಮಿನಲ್‌ನಲ್ಲಿ ಇಳಿದು ಮಬೀನಿ ಕಡೆಯ ಜೀಪ್ನಿ ಹತ್ತಬೇಕು. ಕಡಲು ತಿಳಿಯಾಗಿರುವುದು ನವೆಂಬರ್‌ನಿಂದ ಮೇ ತನಕ.

ಸಸ್ಯಾಹಾರಿಗಳು ಬದುಕಬಹುದೇ?

ಬದುಕಬಹುದು, ಆದರೆ 'ತರಕಾರಿ' ಎಂಬ ಮಾತನ್ನು ನಂಬಬೇಡಿ. ಅಲ್ಲಿ 'ಗುಲಾಯ್' ಎಂದರೆ ತರಕಾರಿಯೇ, ಒಗ್ಗರಣೆಗೆ ಮಾತ್ರ ಹಂದಿಯ ಚೂರು, ಸಿಗಡಿ ಗೊಜ್ಜು, ಮೀನಿನ ಉಪ್ಪುನೀರು ಬಿದ್ದಿರುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಪೂರ್ತಿ ಹೀಗೆ ಹೇಳಿ: 'ವಲಾಂಗ್ ಕಾರ್ನೆ, ವಲಾಂಗ್ ಇಸ್ದಾ, ವಲಾಂಗ್ ಪತೀಸ್, ವಲಾಂಗ್ ಬಗೊಒಂಗ್.' ಮಾಂಸ, ಮೀನು, ಮೀನಿನ ರಸ, ಮೀನಿನ ಗೊಜ್ಜು ಯಾವುದೂ ಇಲ್ಲದೆ ಎಂದರ್ಥ. ಅಂಟಕ್ಕಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ 'ಸುಮಾನ್' ನಮ್ಮ ಎಲೆ ಕಡುಬಿನ ನೆಂಟ. ತಾಆಲ್‌ನ 'ಪನುಚಾ' ಶೇಂಗಾ ಚಿಕ್ಕಿಯೇ ಸರಿ. 'ಆತಿಸ್' ಎಂದು ಮಾರುವುದು ಸೀತಾಫಲ.

ನನ್ನನ್ನು 'ಬುಂಬಾಯ್' ಎಂದು ಕರೆದರು. ಬೈಗುಳವೇ?

ಸಾಮಾನ್ಯವಾಗಿ ಅಲ್ಲ. ಭಾರತೀಯರೆಲ್ಲರಿಗೂ ಅಲ್ಲಿನ ಆಡುಮಾತಿನ ಹೆಸರು ಅದು, ಮುಂಬಯಿಯಿಂದ ಬಂದದ್ದು. ಹಿಂದೆ ಒಂದು ಕಸುಬಿನ ನೆನಪಿದೆ. ಬೈಕಿನಲ್ಲಿ ಸಂತೆ ಸುತ್ತಿ 'ಐದು-ಆರು' ಲೆಕ್ಕದಲ್ಲಿ, ಐದು ಸಾಲ ಕೊಟ್ಟು ಆರು ವಸೂಲು ಮಾಡುವ ಪಂಜಾಬಿ ಲೇವಾದೇವಿಯವರದು. ಹಾಗಾಗಿ ಅಂಗಡಿಯವರು ನಿಮ್ಮನ್ನು ಕಂಡು ನಗುತ್ತಾ ಸಾಲ ಕೇಳಿದರೆ ಅದು ತಮಾಷೆ.

## ಬೆಂಕಿ, ಬೂದಿ, ನೀರು

ಜ್ವಾಲಾಮುಖಿ ದ್ವೀಪಕ್ಕೆ ಹೋಗಬಹುದೇ? ಮತ್ತೆ ಸಿಡಿಯುತ್ತದಾ?

ದ್ವೀಪ ಪೂರ್ತಿಯಾಗಿ ಕಾಯಂ ಅಪಾಯ ವಲಯ, ಅಲ್ಲಿ ವಾಸ ನಿಷೇಧ. 2020ಕ್ಕೆ ಮುಂಚೆ ಕುದುರೆ ಮೇಲೆ ನೆತ್ತಿಗೆ ಹೋದ ಚಿತ್ರಗಳನ್ನು ನೋಡಿ ದೋಣಿಯವರೊಡನೆ ಚೌಕಾಸಿಗೆ ಇಳಿಯಬೇಡಿ. 2020ರ ಜನವರಿ 12ರ ಮಧ್ಯಾಹ್ನ ಆವಿ ಎದ್ದದ್ದು, ಸಂಜೆ ಏಳೂವರೆಗೆಲ್ಲ ಎಚ್ಚರಿಕೆ ಐದರಲ್ಲಿ ನಾಲ್ಕನೇ ಹಂತ ಮುಟ್ಟಿತ್ತು. ಓಡಲು ಸಿಕ್ಕಿದ್ದು ಕೆಲವೇ ಗಂಟೆ. ಸುತ್ತ 14 ಕಿ.ಮೀ. ಖಾಲಿ ಮಾಡಿಸಿದರು, ಮನಿಲಾ ವಿಮಾನ ನಿಲ್ದಾಣ ಮುಚ್ಚಿತು, ಲೆಮೆರಿ ಮತ್ತು ಅಗೊನ್ಸಿಲ್ಯೊದಲ್ಲಿ ನೆಲ ಸೀಳಿತು. 2021ರ ಜುಲೈ 1 ಮತ್ತು 2022ರ ಮಾರ್ಚ್ 26ರಂದು ಸಣ್ಣ ಸಿಡಿತಗಳಾದವು. ಹಿಂದಿನ ಲೆಕ್ಕ ಇನ್ನೂ ಕಟು: 1911ರ ಜನವರಿ 30ರಂದು 1,300ಕ್ಕೂ ಹೆಚ್ಚು ಜನ ಸತ್ತರು. 1965ರಲ್ಲಿ ಸತ್ತವರು ಸುಮಾರು ಇನ್ನೂರು.

ಇದು ಲಾವಾ ಸುರಿಸುವುದಕ್ಕಿಂತ ಹೆಚ್ಚಾಗಿ ನೀರು ಮತ್ತು ಬೆಂಕಿ ಸೇರಿ ಸಿಡಿಯುವ ಜ್ವಾಲಾಮುಖಿ. ಬಿಸಿ ಬೂದಿಮೋಡ ನೆಲದ ಮೇಲೆ, ನೀರಿನ ಮೇಲೆ ಅಡ್ಡಡ್ಡ ನುಗ್ಗುತ್ತದೆ. ಆದ್ದರಿಂದ 'ದೂರದಿಂದ ನೋಡಿ ಆಮೇಲೆ ಹೊರಟರಾಯಿತು' ಎಂಬ ಲೆಕ್ಕ ಇಲ್ಲಿ ನಡೆಯದು. ಹೊರಡುವ ದಿನ ಬೆಳಿಗ್ಗೆ, ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫಿವೊಲ್ಕ್ಸ್‌ನ ಎಚ್ಚರಿಕೆ ಹಂತ ನೋಡಿಕೊಳ್ಳಿ. ಒಂದನೇ ಹಂತ ಎಂದರೂ 'ಮಾಮೂಲಿ' ಎಂದಲ್ಲ, 'ಸಣ್ಣ ಅಶಾಂತಿ' ಎಂದರ್ಥ.

ಬೂದಿ ಬಿದ್ದರೆ ಏನು ಮಾಡಬೇಕು? ನೀರು ಹಾಕಿ ತೊಳೆದರೆ ಸಾಲದೇ?

ಎಲ್ಲರೂ ಮಾಡುವ ತಪ್ಪೇ ಅದು. ಜ್ವಾಲಾಮುಖಿ ಬೂದಿ ಒಲೆಯ ಬೂದಿಯಲ್ಲ, ಪುಡಿಯಾದ ಗಾಜು ಮತ್ತು ಕಲ್ಲು. ನೆನೆದರೆ ತೂಕ ಬಹಳ ಏರಿ ತಗಡಿನ ಮಾಡು ಕುಸಿಯುತ್ತದೆ, ಚರಂಡಿಗೆ ಹರಿದರೆ ಗಾರೆಯಂತೆ ಗಟ್ಟಿಯಾಗುತ್ತದೆ. ಮಳೆ ಬರುವ ಮೊದಲೇ ಮಾಡನ್ನು ಗುಡಿಸಬೇಕು. ಪುಡಿ ಏಳದಷ್ಟು ನೀರು ಚಿಮುಕಿಸಿ, ಗುಡಿಸಿ, ಚೀಲಕ್ಕೆ ತುಂಬಬೇಕು. ಮೂಗಿಗೆ ಎನ್-95 ಮುಖಗವಸು; ಒದ್ದೆ ಬಟ್ಟೆ ಏನೂ ಇಲ್ಲದಾಗ ಮಾತ್ರ. ನೀರಿನ ತೊಟ್ಟಿ, ಬಾವಿ ಮೊದಲೇ ಮುಚ್ಚಿರಬೇಕು. ಕಾರಿನ ವೈಪರ್ ಒಣಗಾಜಿನ ಮೇಲೆ ಒಂದು ಸಲ ಆಡಿದರೆ ಗಾಜಿನ ಕತೆ ಮುಗಿಯಿತು. ಬೂದಿಯಿಲ್ಲದೆಯೂ ಕೆಲವು ದಿನ ಗಂಧಕದ ಮಂಜು ಕವಿಯುತ್ತದೆ, ಅಂಥ ದಿನ ಆಸ್ತಮಾ ಇದ್ದವರು ಕೆರೆಯ ಕಡೆ ಹೋಗದಿರುವುದೇ ವಾಸಿ.

ಸಿಹಿನೀರಿನ ಕೆರೆಯಲ್ಲಿ ಸಮುದ್ರದ ಮೀನು ಹೇಗೆ?

1754ಕ್ಕೆ ಮೊದಲು ಇದು ಕೆರೆಯಾಗಿರಲಿಲ್ಲ, ಬಲಾಯಾನ್ ಕೊಲ್ಲಿಗೆ ಬಾಯಿ ತೆರೆದ ಹಿನ್ನೀರಾಗಿತ್ತು. ಹಡಗುಗಳು ಒಳಗೆ ಬರುತ್ತಿದ್ದವು. ಆ ವರ್ಷ ಮೇ ತಿಂಗಳಲ್ಲಿ ಹಿಡಿದ ಸಿಡಿತ ವರ್ಷದ ಕೊನೆಯವರೆಗೂ ನಡೆದು, ಬಾಯಿಯನ್ನು ಬೂದಿಯಿಂದ ಮುಚ್ಚಿ, ಪಾನ್ಸಿಪಿತ್ ಎಂಬ ಸಣ್ಣ ಹೊಳೆಯನ್ನಷ್ಟೇ ಉಳಿಸಿತು. ಮಳೆನೀರು ತುಂಬುತ್ತಾ ಉಪ್ಪು ಕಳೆಯಿತು. ಒಳಗೆ ಸಿಕ್ಕಿಬಿದ್ದ ಜೀವಗಳು ಒಗ್ಗಿಕೊಂಡವು. 'ತವಿಲಿಸ್' ಸಿಹಿನೀರಿನಲ್ಲೇ ಬಾಳುವ ಜಗತ್ತಿನ ಏಕೈಕ ಸಾರ್ಡಿನೆಲ್ಲಾ. ನಮ್ಮ ಕರಾವಳಿಯ ಬೂತಾಯಿಯದೂ ಅದೇ ಕುಲ. ವಿಷದ ಒಂದು ಕಡಲ ಹಾವು ಕೂಡ ಇಲ್ಲಿ ಸಿಹಿನೀರಿನ ಹಾವಾಗಿದೆ. 'ಮಾಲಿಪುತೊ' ಎಂಬ ದುಬಾರಿ ಮೀನು ಇಂದಿಗೂ ಹೊಳೆಯ ದಾರಿಯಲ್ಲೇ ಕಡಲಿಗೂ ಕೆರೆಗೂ ಓಡಾಡಬೇಕು. ಹೊಳೆಗೆ ಅಡ್ಡ ಬಲೆ ಕಟ್ಟಿದಷ್ಟೂ ಅದು ಕಡಿಮೆಯಾಗುತ್ತದೆ.

ತವಿಲಿಸ್ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅತಿಯಾದ ಮೀನುಗಾರಿಕೆ ಒಂದು ಕಾರಣವಾದರೆ, ತಿಲಾಪಿಯಾ ಮೀನು ಸಾಕುವ ಪಂಜರಗಳು ಇನ್ನೊಂದು. ಪಂಜರಕ್ಕೆ ಸುರಿದ ಮೇವಿನ ಉಳಿಕೆ ತಳ ಸೇರಿ ಕೊಳೆಯುತ್ತದೆ. ಗಾಳಿ ಬದಲಾದಾಗ ಆಮ್ಲಜನಕವಿಲ್ಲದ ತಳದ ನೀರು ಮೇಲೆದ್ದು ಮೀನುಗಳು ರಾಶಿಯಾಗಿ ಸಾಯುತ್ತವೆ. 2011ರ ಮೇ ತಿಂಗಳಲ್ಲಿ ಹಾಗೆಯೇ ಆಯಿತು.

## ಕಾಫಿ ಮತ್ತು ಅಡುಗೆ

ಬರಾಕೊ ಕಾಫಿ ಅಂದರೆ ನಮ್ಮ ರೊಬಸ್ಟಾನೇ ತಾನೆ?

ಅಲ್ಲ, ಲೈಬೀರಿಕಾ. 'ಬರಾಕೊ' ಎಂದರೆ ಗಂಡು ಹಂದಿ, ಮಾತಿನಲ್ಲಿ ಒರಟು ಗಂಡಸು. ಗಿಡವನ್ನು ಹಾಗೇ ಬಿಟ್ಟರೆ ಹತ್ತು ಮೀಟರ್ ದಾಟುವ ಮರವಾಗುತ್ತದೆ, ಏಣಿ ಹಾಕಿ ಕೊಯ್ಯಬೇಕು. ಎಲೆ ಅಗಲ, ಹಣ್ಣು ದಪ್ಪ, ಸಿಪ್ಪೆ ಇನ್ನೂ ದಪ್ಪ. ತೋಟದವರಿಗೆ ತಲೆನೋವು ಅಲ್ಲೇ: ಸುಮಾರು ಹತ್ತು ಕಿಲೊ ಹಣ್ಣಿಗೆ ಒಂದು ಕಿಲೊ ಬೀಜ. ಅರೇಬಿಕಾ, ರೊಬಸ್ಟಾದಲ್ಲಿ ಐದಾರು ಕಿಲೊ ಸಾಕು. ಸಿಪ್ಪೆ ಸುಲಿಯುವ ಮಾಮೂಲಿ ಪಲ್ಪರ್ ಯಂತ್ರಕ್ಕೆ ಈ ಹಣ್ಣು ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಹೆಚ್ಚಿನವರು ಹಣ್ಣನ್ನು ಹಾಗೇ ಒಣಗಿಸುತ್ತಾರೆ. ಕೊಯ್ಲು ಕಷ್ಟ, ಇಳುವರಿ ಕಡಿಮೆ. ಆದ್ದರಿಂದ ಪೇಟೆಯಲ್ಲಿ 'ಬರಾಕೊ' ಹೆಸರಲ್ಲಿ ರೊಬಸ್ಟಾ ಬೆರಕೆ ಸಾಮಾನ್ಯ. ಪುಡಿ ಕೊಳ್ಳಬೇಡಿ, ಬೀಜ ಕೊಳ್ಳಿ. ನಿಜವಾದದ್ದು ದೊಡ್ಡದು, ಒಂದು ತುದಿ ಚೂಪು, ಎರಡು ಹೋಳು ಸರಿಸಮ ಇರುವುದಿಲ್ಲ, ನಡುಗೀರು ಅಂಕುಡೊಂಕು. ಮೂಗಿಗೆ ಹಿಡಿದರೆ ಹಲಸಿನ ಹಣ್ಣಿನ ವಾಸನೆ. ಮಲೆನಾಡಿನವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಕರ್ನಾಟಕದ ತೋಟಗಳಲ್ಲೂ ಲೈಬೀರಿಕಾದ ರಕ್ತವಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್. 795 ತಳಿ ಎಸ್. 288 ಮತ್ತು ಕೆಂಟ್ಸ್ ಕೂಡಿ ಆದದ್ದು. ಎಸ್. 288ರ ಮೂಲ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತ ಒಂದು ಗಿಡ. ತುಕ್ಕುರೋಗ ತಡೆಯುವ ಗುಣ ಬಂದದ್ದು ಆ ಲೈಬೀರಿಕಾ ಕಡೆಯಿಂದ.

ಲಿಪಾ ಒಂದು ಕಾಲಕ್ಕೆ ಜಗತ್ತಿಗೇ ಕಾಫಿ ಕೊಡುತ್ತಿತ್ತಂತೆ. ನಿಜವೇ?

ಕೆಲವು ವರ್ಷಗಳ ಮಟ್ಟಿಗೆ ಆ ಮಾತಿಗೆ ಹತ್ತಿರ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿದ ಎಲೆ ತುಕ್ಕುರೋಗ ದಕ್ಷಿಣ ಭಾರತ, ಜಾವಾ ತೋಟಗಳನ್ನು ಹೊಡೆದಾಗ ಬೆಲೆ ಏರಿತು, ಲಿಪಾಕ್ಕೆ ಹಣ ಹೊಳೆಯಾಗಿ ಬಂತು. 1887ರಲ್ಲಿ ಸ್ಪೇನಿನ ಅರಮನೆ ಊರಿಗೆ 'ವಿಲ್ಯಾ' ಬಿರುದು ಕೊಟ್ಟಿತು. ಎರಡೇ ವರ್ಷ. 1889ರಲ್ಲಿ ರೋಗ ಲಿಪಾಕ್ಕೂ ಬಂತು, ಕಾಂಡಕೊರಕವೂ ಜತೆಗೂಡಿತು, 1890ರ ದಶಕದ ಮೊದಲಲ್ಲೇ ಬೆಳೆ ನೆಲಕಚ್ಚಿತು. ಲಿಪಾ ಇರುವುದು ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ. ಅಷ್ಟು ತಗ್ಗಿನ ಬೆಚ್ಚಗಿನ ತೇವದಲ್ಲಿ ಅರೇಬಿಕಾಗೆ ತುಕ್ಕು ಬಂದರೆ ಏಳುವುದುಂಟೇ? ಕಾಫಿ ಕಿತ್ತ ನೆಲಕ್ಕೆ ಕಬ್ಬು ಮತ್ತು ಬೇರೆ ಬೆಳೆ ಬಂದವು. ಇಂದು ದೇಶದ ಕಾಫಿಯ ಬಹುಪಾಲು ಬೆಳೆಯುವುದು ದಕ್ಷಿಣದ ಮಿಂದನಾವೊ ದ್ವೀಪದಲ್ಲಿ. ಬತಾಂಗಸ್‌ಗೆ ಉಳಿದದ್ದು ಹೆಸರು ಮತ್ತು ಹಿತ್ತಿಲ ಮರಗಳು.

ಬರಾಕೊ ಮಾಡುವ ಕ್ರಮ? ನಮ್ಮ ಫಿಲ್ಟರ್‌ಗೆ ಹಾಕಬಹುದೇ?

ಹಳ್ಳಿಯ ಕ್ರಮದಲ್ಲಿ ಫಿಲ್ಟರೇ ಇಲ್ಲ. 800 ಮಿ.ಲೀ. ನೀರು ಕುದಿಸಿ, ಉರಿ ಆರಿಸಿ, ತರಿತರಿಯಾಗಿ ಬೀಸಿದ 50 ಗ್ರಾಂ ಪುಡಿ ಹಾಕಿ ಒಮ್ಮೆ ಕದಡಿ ಮುಚ್ಚಿ. ಐದು ನಿಮಿಷ ಕಳೆದು ಒಂದು ಚಮಚ ತಣ್ಣೀರು ಚಿಮುಕಿಸಿದರೆ ಗಷ್ಟು ಕೆಳಗಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ, ಕಪ್ಪು ಬೆಲ್ಲದಂಥ ಸಕ್ಕರೆ ಹಾಕಿ ಕುಡಿಯುವುದು. ಪುಡಿ ಹಾಕಿದ ಮೇಲೂ ಕುದಿಸುತ್ತಾ ಹೋದರೆ ಹಲಸಿನ ಘಮ ಹೋಗಿ ಸೌದೆಯ ರುಚಿ ಉಳಿಯುತ್ತದೆ. ನಮ್ಮ ಫಿಲ್ಟರ್‌ಗೆ ಈ ತರಿಪುಡಿ ಹಾಕಿದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. ಒಂದು ಹದ ಸಣ್ಣಗೆ ಬೀಸಿಸಿ. ಹಾಲು ಹಿಡಿಯುತ್ತದೆ. ಚಿಕೋರಿ ಮಾತ್ರ ಬೇಡ, ಎರಡರ ಕಹಿಯೂ ಜಗಳಕ್ಕೆ ಬೀಳುತ್ತದೆ. ಹಳ್ಳಿಮನೆಗಳಲ್ಲಿ ಬಿಸಿ ಅನ್ನಕ್ಕೆ ಈ ಕಾಫಿ ಸುರಿದು ಉಣ್ಣುವುದೂ ಇದೆ. ನಂಬದವರು ಒಮ್ಮೆ ಒಣಮೀನಿನ ಜತೆ ತಿಂದು ನೋಡಬೇಕು.

ಸಿನಾಯಿಂಗ್ ನಾ ತುಲಿಂಗನ್ ಮನೆಯಲ್ಲಿ ಮಾಡುವುದು ಹೇಗೆ?

ತುಲಿಂಗನ್ ಎಂದರೆ ಸಣ್ಣ ಟ್ಯೂನಾ. ನಾಲ್ಕು ಮೀನು, ಒಟ್ಟು ಒಂದು ಕಿಲೊ. ಕಿವಿರು, ಕರುಳು ತೆಗೆದು, ಬಾಲವನ್ನು ತಿರುವಿ ಎಳೆದುಹಾಕಿ. ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಗೀರಿ, ಎರಡು ದೊಡ್ಡ ಚಮಚ ಕಲ್ಲುಪ್ಪು ತಿಕ್ಕಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ. ಬಾಡಿಸಿದ ಬಾಳೆಲೆಯಲ್ಲಿ ಒಂದೊಂದನ್ನೇ ಸುತ್ತಬೇಕು. ಮಣ್ಣಿನ ಗಡಿಗೆಯ (ಅಲ್ಲಿ 'ಪಲಯೋಕ್') ತಳಕ್ಕೆ ಹಂದಿ ಕೊಬ್ಬಿನ ತುಂಡು, ಮೇಲೆ ಒಣಗಿಸಿದ 'ಕಮಿಯಾಸ್' ಒಂದು ಹಿಡಿ. ಕಮಿಯಾಸ್ ಎಂದರೆ ದಕ್ಷಿಣ ಕನ್ನಡದ ಬಿಂಬುಳಿಯೇ. ಹಂದಿ ಬೇಡದವರು ಎರಡು ಚಮಚ ತೆಂಗಿನೆಣ್ಣೆ ಹಾಕಲಿ. ಮೀನು ಜೋಡಿಸಿ, ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಬೇಯಬೇಕು, ಕೊನೆಗೆ ತಳದಲ್ಲಿ ಉಪ್ಪುಹುಳಿಯ ಗಟ್ಟಿ ರಸ ಉಳಿಯುವ ತನಕ. ಆ ರಸಕ್ಕೆ 'ಪತೀಸ್' ಎಂದೇ ಹೆಸರು, ಅನ್ನಕ್ಕೆ ಅದೇ ಸಾರು.

ಕೆಡುವುದು ಎರಡು ಕಡೆ. ಉರಿ ಜೋರಾದರೆ ಎಲೆ ಸುಟ್ಟು ಮೀನು ಪುಡಿಯಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು, ಐಸ್ ಇಲ್ಲದೆ ಬಿಸಿಲಲ್ಲಿ ಕೂತ ಟ್ಯೂನಾದಲ್ಲಿ ಹಿಸ್ಟಮಿನ್ ಏರುತ್ತದೆ. ಅದು ಎಷ್ಟು ಬೇಯಿಸಿದರೂ ಹೋಗದು. ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಬಾಲ ತೆಗೆದರೆ ನಂಜು ಹೋಗುತ್ತದೆ ಎಂಬ ನಂಬಿಕೆ ಅಲ್ಲಿದೆ. ತೆಗೆಯಿರಿ, ಆದರೆ ಐಸನ್ನು ನಂಬಿ.

ಬುಲಾಲೊ, ಗೊತೊ, ಲೋಮಿ ಇವುಗಳಲ್ಲಿ ವ್ಯತ್ಯಾಸ?

ಬುಲಾಲೊ ದನದ ಕಾಲ್ಮೂಳೆಯ ಸಾರು, ನೆಣ ಸಮೇತ. ಗೊತೊ ಮನಿಲಾದಲ್ಲಿ ಅಕ್ಕಿ ಗಂಜಿ, ಬತಾಂಗಸ್‌ನಲ್ಲಿ ಗಂಜಿಯೇ ಇಲ್ಲದ ಬೋಟಿ ಸಾರು. ಲೋಮಿ ದಪ್ಪ ಶಾವಿಗೆಯನ್ನು ಮರಗೆಣಸಿನ ಹಿಟ್ಟಿನಿಂದ ಗಟ್ಟಿ ಮಾಡಿದ್ದು, ಆರುವ ಮುಂಚೆ ತಿನ್ನಬೇಕು. ಇಲ್ಲಿ ದನದ ಅಡುಗೆ ಹೆಚ್ಚಿರುವುದಕ್ಕೆ ಕಾರಣ ಪಾದ್ರೆ ಗಾರ್ಸಿಯಾದ ದೊಡ್ಡ ಜಾನುವಾರು ಸಂತೆ.

## ದುಡಿಮೆ

ಜನ ಏನು ಮಾಡಿ ಬದುಕುತ್ತಾರೆ? ಬರೀ ಕೃಷಿಯೇ?

ಕೃಷಿಯ ಪ್ರಾಂತ್ಯ ಎಂಬ ಚಿತ್ರ ಹಳತಾಯಿತು. ತಬಂಗಾವೊದ ತೀರಕ್ಕೆ ಪಲವಾನ್ ದ್ವೀಪದ ಕಡೆಯ ಕಡಲಲ್ಲಿರುವ ಮಲಂಪಾಯ ಅನಿಲ ಬಾವಿಗಳಿಂದ 504 ಕಿ.ಮೀ. ಉದ್ದದ ಕೊಳವೆಯಲ್ಲಿ ಅನಿಲ ಬರುತ್ತದೆ. 2001ರಿಂದ ಲುಝಾನ್‌ನ ವಿದ್ಯುತ್ತಿನ ದೊಡ್ಡ ಪಾಲು ಆ ಅನಿಲದ್ದು. ಬಾವಿ ಬತ್ತುತ್ತಿರುವುದರಿಂದ 2023ರಿಂದ ಹಡಗಿನಲ್ಲಿ ದ್ರವ ಅನಿಲ ತರಿಸುತ್ತಿದ್ದಾರೆ. ಆ ಹಡಗುಗಳ ದಾರಿ ಬೆರ್ದೆ ದ್ವೀಪದ ಜಲಸಂಧಿ. ಕರಾವಳಿ ಮೀನುಗಳ ವೈವಿಧ್ಯದಲ್ಲಿ ಅದಕ್ಕೆ ಜಗತ್ತಿನಲ್ಲೇ ಮೊದಲ ಸಾಲು. ಮೀನುಗಾರರಿಗೂ ವಿದ್ಯುತ್ತಿನವರಿಗೂ ತಕರಾರು ಅಲ್ಲಿಯೇ. ತನಾವನ್, ಸಾಂತೊ ತೋಮಸ್, ಲಿಪಾ ಸುತ್ತ ಕೈಗಾರಿಕಾ ವಸಾಹತುಗಳು. ಸಾನ್ ಹೊಸೆ ಊರು ಮೊಟ್ಟೆಗೆ ಹೆಸರಾದದ್ದು. ಪಶ್ಚಿಮದ ನಸುಗ್ಬು, ಬಲಾಯಾನ್ ಕಬ್ಬಿನ ಸೀಮೆ. ನಸುಗ್ಬುವಿನ ಹಳೆಯ ದೊಡ್ಡ ಸಕ್ಕರೆ ಕಾರ್ಖಾನೆ 2022ರ ಕೊನೆಯಲ್ಲಿ ಅರೆಯುವುದನ್ನು ನಿಲ್ಲಿಸಿದಾಗ ಬೆಳೆಗಾರರು ಕಬ್ಬು ಸಾಗಿಸಲು ಬೇರೆ ದಾರಿ ಹುಡುಕಬೇಕಾಯಿತು. ಮಂಡ್ಯದವರಿಗೆ ಈ ಪಾಡು ಗೊತ್ತು.

ಮಬೀನಿ ಊರಿನಲ್ಲಿ ಇಟಲಿಯ ಶೈಲಿಯ ಮನೆಗಳ ಬೀದಿಗಳಿವೆ, 'ಪುಟ್ಟ ಇಟಲಿ' ಎಂದೇ ಹೆಸರು. ಮನೆಗೆಲಸಕ್ಕೆಂದು ಇಟಲಿಗೆ ಹೋದ ಹೆಂಗಸರು ಅಕ್ಕ, ತಂಗಿ, ನೆರೆಮನೆಯವರನ್ನು ಒಬ್ಬೊಬ್ಬರಾಗಿ ಕರೆಸಿಕೊಂಡರು. ಮನೆ ಕಟ್ಟಿದ್ದು ಆ ದುಡ್ಡು, ವಾಸಕ್ಕೆ ಜನ ಮಾತ್ರ ಕಡಿಮೆ.

ಬಾಲಿಸಾಂಗ್ ಚಾಕು ಕೊಳ್ಳುವಾಗ ಏನು ನೋಡಬೇಕು?

ತಾಆಲ್‌ನ ಬಾಲಿಸಾಂಗ್ ಎಂಬ ಬರಾಂಗಾಯ್ ಈ ಮಡಚುವ ಚಾಕುವಿನ ಕುಲುಮೆಗಳ ಊರು. ಒಂದು ಅಲಗು, ಅದರ ಬುಡಕ್ಕೆ ಎರಡು ಮೊಳೆಗಳ ಮೇಲೆ ತಿರುಗುವ ಎರಡು ಹಿಡಿ, ಒಂದು ಕೊಕ್ಕೆ. ಅಲಗಿಗೆ ವಾಹನದ ಹಳೆಯ ಸ್ಪ್ರಿಂಗ್ ಪಟ್ಟಿ, ಹಿಡಿಗೆ ಎಮ್ಮೆಕೊಂಬು, ಮೂಳೆ, ಮರ, ಹಿತ್ತಾಳೆ. ತೆರೆದಾಗ 29 ಸೆಂ.ಮೀ. ಇರುವುದಕ್ಕೆ 'ಬೆಯಿಂತೆ ನುವೆವೆ' ಎಂದು ಹೆಸರು, ಸ್ಪ್ಯಾನಿಷ್‌ನಲ್ಲಿ ಇಪ್ಪತ್ತೊಂಬತ್ತು. ತೆರೆದು ಹಿಡಿಗಳನ್ನು ಅಡ್ಡಡ್ಡ ಅಲ್ಲಾಡಿಸಿ. ಲೊಡಲೊಡ ಎಂದರೆ ಮೊಳೆ ಸಡಿಲ, ಬಿಟ್ಟುಬಿಡಿ. ಮಡಚಿದಾಗ ಅಲಗಿನ ತುದಿ ಹಿಡಿಗೆ ತಾಗಬಾರದು. ಕೊಕ್ಕೆಯಿರುವ ಹಿಡಿ ಸಾಮಾನ್ಯವಾಗಿ ಹರಿತದ ಅಂಚಿನ ಮೇಲೆ ಮುಚ್ಚುವುದು, ಬೆರಳು ಹೋಗುವುದು ಅಲ್ಲಿಯೇ; ಇನ್ನೊಂದನ್ನು ಹಿಡಿದು ಕಲಿಯಬೇಕು. ಫಿಲಿಪೀನ್ಸ್‌ನಲ್ಲೂ ಕೆಲಸದ ಕಾರಣವಿಲ್ಲದೆ ಚಾಕು ಇಟ್ಟುಕೊಂಡು ಬೀದಿಯಲ್ಲಿ ಓಡಾಡುವುದು ಅಪರಾಧ. ವಿಮಾನದ ಕೈಚೀಲಕ್ಕಂತೂ ಬೇಡವೇ ಬೇಡ, ತರುವ ಮೊದಲು ನಮ್ಮ ಕಸ್ಟಮ್ಸ್ ನಿಯಮ ಕೇಳಿಕೊಳ್ಳಿ.

ತಾಆಲ್ ಕಸೂತಿಯ ಬರೋಂಗ್ ನಿಜವಾಗಿ ಕೈಯದೇ ಎಂದು ತಿಳಿಯುವುದು ಹೇಗೆ?

ಬರೋಂಗ್ ಎಂದರೆ ಫಿಲಿಪೀನ್ಸ್ ಗಂಡಸರ ಕಸೂತಿ ಅಂಗಿ. ಒಳಮೈ ತಿರುಗಿಸಿ. ಯಂತ್ರದ ಕಸೂತಿಯಲ್ಲಿ ಹಿಂಬದಿಗೆ ಬೇರೆ ದಾರ ಒಂದೇ ಸಮನೆ ಓಡಿರುತ್ತದೆ. ಕೈಯದರಲ್ಲಿ ಸಣ್ಣ ಗಂಟು, ಹೆಚ್ಚುಕಡಿಮೆ ಹೊಲಿಗೆ ಕಾಣುತ್ತದೆ. 'ಕಲಾದೊ' ಎಂಬ ಜಾಲರಿ ಕೆಲಸದಲ್ಲಿ ಬಟ್ಟೆಯ ಎಳೆಗಳನ್ನೇ ಎಣಿಸಿ ಕತ್ತರಿಸಿ ಎಳೆದು, ಉಳಿದವನ್ನು ಸೂಜಿಯಿಂದ ಕಟ್ಟುತ್ತಾರೆ. ಬೆಲೆ ಏರುವುದು ಅಲ್ಲಿ. ಅನಾನಸ್ ನಾರಿನ 'ಪಿನ್ಯಾ' ಬಟ್ಟೆ ಇಲ್ಲಿನದಲ್ಲ, ಅಕ್ಲಾನ್ ಪ್ರಾಂತ್ಯದಿಂದ ಬರುತ್ತದೆ.

## ಇತಿಹಾಸ

ಸ್ವಾತಂತ್ರ್ಯ ಹೋರಾಟದಲ್ಲಿ ಬತಾಂಗಸ್‌ಗೆ ಅಷ್ಟು ಹೆಸರು ಯಾಕೆ?

ಫಿಲಿಪೀನ್ಸ್ ಧ್ವಜದ ಸೂರ್ಯನ ಎಂಟು ಕಿರಣಗಳಲ್ಲಿ ಒಂದು ಬತಾಂಗಸ್‌ನದು. ಆ ಧ್ವಜವನ್ನು 1898ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೊಲಿದವರು ತಾಆಲ್‌ನ ಮಾರ್ಸೆಲಾ ಅಗೊನ್ಸಿಲ್ಯೊ, ಮಗಳು ಲೊರೆನ್ಸಾ ಮತ್ತು ದೇಶದ ರಾಷ್ಟ್ರವೀರ ಹೊಸೆ ರಿಸಾಲರ ಸೋದರ ಸೊಸೆ ದೆಲ್ಫಿನಾ ಜತೆಗೂಡಿ. ತನಾವನ್‌ನ ಬಡ ಮನೆಯ ಅಪೊಲಿನಾರಿಯೊ ಮಬೀನಿ (1864–1903) ಕಾಲುಗಳ ಬಲ ಕಳೆದುಕೊಂಡ ಮೇಲೂ 1899ರಲ್ಲಿ ಮೊದಲ ಗಣರಾಜ್ಯದ ಪ್ರಧಾನಿಯಾದರು. ಸ್ಪೇನಿನ ನಂತರ ಬಂದ ಅಮೆರಿಕನ್ನರು ಅವರನ್ನು ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. ಮರಳಿ ಬಂದು ಕೆಲವೇ ತಿಂಗಳಲ್ಲಿ ಕಾಲರಾದಿಂದ ತೀರಿಕೊಂಡರು. ತನಾವನ್‌ನವರೇ ಆದ ಹೊಸೆ ಪಿ. ಲೌರೆಲ್ ಜಪಾನಿ ಆಳ್ವಿಕೆಯ 1943–45ರಲ್ಲಿ ಅಧ್ಯಕ್ಷರಾಗಿದ್ದವರು. ಅವರನ್ನು ದ್ರೋಹಿ ಎನ್ನಬೇಕೋ, ಜನರನ್ನು ಕಾಯಲು ಬಗ್ಗಿದವರು ಎನ್ನಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. 1948ರಲ್ಲಿ ಕ್ಷಮಾದಾನ ಸಿಕ್ಕಿತು, ಮರುವರ್ಷವೇ ಚುನಾವಣೆಗೆ ನಿಂತು ಸೋತರು.

ಮಾಲ್ವಾರ್ ಯಾಕೆ ಶರಣಾದರು? ಸೋತರೇ?

ಯುದ್ಧದಲ್ಲಿ ಅಲ್ಲ. 1901ರ ಮಾರ್ಚ್‌ನಲ್ಲಿ ಗಣರಾಜ್ಯದ ಅಧ್ಯಕ್ಷ ಅಗಿನಾಲ್ದೊ ಸೆರೆಯಾದ ಮೇಲೆ ಸಾಂತೊ ತೋಮಸ್‌ನ ಜನರಲ್ ಮಿಗೆಲ್ ಮಾಲ್ವಾರ್ ಅಮೆರಿಕನ್ನರ ವಿರುದ್ಧದ ಹೋರಾಟ ಮುಂದುವರಿಸಿದರು. ಅಮೆರಿಕದ ಜನರಲ್ ಫ್ರ್ಯಾಂಕ್ಲಿನ್ ಬೆಲ್ ಸೈನ್ಯದ ಬೆನ್ನು ಹತ್ತುವುದು ಬಿಟ್ಟು ಅದಕ್ಕೆ ಅನ್ನ ಕೊಡುವ ಹಳ್ಳಿಗಳ ಮೇಲೆ ಕೈ ಹಾಕಿದ. 1901ರ ಡಿಸೆಂಬರ್ 25ರೊಳಗೆ ಜನರೆಲ್ಲ ಕಾವಲಿನ ವಲಯಗಳಿಗೆ ಬರಬೇಕು. ಆಚೆ ಉಳಿದ ಭತ್ತ, ದನ, ಮನೆ ಸೈನ್ಯದ ವಶ ಇಲ್ಲವೇ ಬೆಂಕಿಗೆ. ಮೊದಲೇ ದೊಡ್ಡರೋಗಕ್ಕೆ ಉಳುವ ಎಮ್ಮೆಗಳು ಸತ್ತಿದ್ದವು, ವಲಯಗಳಲ್ಲಿ ಹಸಿವು ಮತ್ತು ಜ್ವರ, ಹಿಂದೆಯೇ 1902ರ ಕಾಲರಾ. ಗುಂಡಿಗಿಂತ ಇವುಗಳಿಗೆ ಸತ್ತವರೇ ಬಹಳ. ಬಿತ್ತನೆಯ ಕಾಲ ತಪ್ಪಿದರೆ ಉಳಿದವರೂ ಸಾಯುತ್ತಾರೆ ಎಂಬ ಸ್ಥಿತಿಯಲ್ಲಿ ಮಾಲ್ವಾರ್ 1902ರ ಏಪ್ರಿಲ್ 16ರಂದು ಶರಣಾದರು.

ಕಾಫಿ ದುಡ್ಡು ಬಂದದ್ದು ಲಿಪಾಕ್ಕೆ. ಹಳೆ ಮನೆಗಳು ಇರುವುದು ತಾಆಲ್‌ನಲ್ಲಿ. ಏನಿದು?

1945ರ ಯುದ್ಧ. ಜಪಾನಿ ಸೈನ್ಯ ಹಿಂದೆಗೆಯುತ್ತಾ ಆ ಫೆಬ್ರವರಿಯಲ್ಲಿ ಲಿಪಾ, ಬವಾನ್, ತಾಆಲ್ ಸುತ್ತ ಜನರನ್ನು ಕೊಂದಿತು. ಲಿಪಾ ಪಟ್ಟಣ ಬಹುತೇಕ ನೆಲಸಮವಾಯಿತು. ಉಳಿದ ಮನೆಗಳಲ್ಲಿ ಹೆಸರಾದದ್ದು ರಿಸಾಲರ ಮೊದಲ ಒಲವೆನ್ನುವ ಸೆಗುಂದಾ ಕತಿಗ್ಬಾಕ್‌ರ ಮನೆ. ತಾಆಲ್‌ನಲ್ಲಿ ಸಾವಾದರೂ ಬೀದಿಗಳು ಉಳಿದವು. ಅವೂ ಮೂಲದವಲ್ಲ, 1754ರ ನಂತರ ಊರು ಸ್ಥಳ ಬದಲಿಸಿ ಕಟ್ಟಿಕೊಂಡವು. ಬೃಹತ್ ಸಾನ್ ಮಾರ್ತಿನ್ ಚರ್ಚ್ ಕೂಡ 1849ರ ಭೂಕಂಪದಲ್ಲಿ ಬಿದ್ದು, 1856ರಿಂದ ಮತ್ತೆ ಎದ್ದದ್ದು. ಮೊದಲ ಊರಿನ ಪಾಳುಗೋಡೆ ನೋಡಬೇಕಿದ್ದರೆ ಕೆರೆಯಂಚಿನ ಸಾನ್ ನಿಕೊಲಾಸ್‌ಗೆ ಹೋಗಿ.

## ಮಾತು

'ಅಲಾ ಏ' ಅಂದರೇನು? ಮನಿಲಾ ತಗಾಲೊಗ್ ಕಲಿತವನಿಗೆ ಇಲ್ಲಿ ಯಾಕೆ ಕಷ್ಟ?

'ಅಲಾ ಏ' ಒಂದು ಉದ್ಗಾರ, ನಮ್ಮ 'ಅಯ್ಯೋ ಮಾರಾಯ' ಇದ್ದಂತೆ. ಕಷ್ಟ ಬರುವುದು ಕ್ರಿಯಾಪದದಲ್ಲಿ. 'ನಕಾಯಿನ್ ಕಾ ಗಾ ನಾಂಗ್ ಇಸ್ದಾ?' ಎಂದರೆ ಬತಾಂಗಸ್‌ನಲ್ಲಿ 'ಮೀನು ತಿನ್ನುತ್ತೀಯಾ?' ಮನಿಲಾದವರ ಕಿವಿಗೆ ಅದು 'ನಿನ್ನನ್ನು ಮೀನು ತಿಂದಿತೇ?' ಮನಿಲಾದಲ್ಲಿ 'ಕುಮಾಕಾಯಿನ್' ಎನ್ನುವಲ್ಲಿ ಇವರು 'ನ-' ಹಚ್ಚಿ ಮುಗಿಸುತ್ತಾರೆ. ಪ್ರಶ್ನೆಯ 'ಬಾ' ಇಲ್ಲಿ 'ಗಾ'. 'ದಿತೊ' (ಇಲ್ಲಿ) 'ದಿನೆ' ಆಗುತ್ತದೆ. 'ಲಿಬಾನ್' ಮನಿಲಾದಲ್ಲಿ ಗೈರುಹಾಜರಿ, ಇಲ್ಲಿ ರಸ್ತೆ ದಾಟು. ಸೆಖೆಗೆ 'ಮಬನಾಸ್'.

ಇದನ್ನು ಹಳ್ಳಿಯ ಅಪಭ್ರಂಶ ಎನ್ನುವವರು ತಲೆಕೆಳಗಾಗಿ ಹೇಳುತ್ತಿದ್ದಾರೆ. 'ಸಿಹಿ'ಗೆ ಇಲ್ಲಿ 'ಮತಾಮ್-ಇಸ್' ಎಂದು ನಡುವೆ ಗಂಟಲು ಹಿಡಿದು ಬಿಡುತ್ತಾರೆ. ಮನಿಲಾ ಆ ತಡೆಯನ್ನು ಕಳೆದುಕೊಂಡು 'ಮತಾಮಿಸ್' ಆಗಿದೆ. ಹಲವರಿಗೆ 'ಉಣ್ಣಿ' ಎನ್ನಲು 'ಮಾಗ್ಸಿಕಾಯಿನ್' ಎಂಬ ಬಹುವಚನವೂ ಇಲ್ಲಿ ಬದುಕಿದೆ. ಹಳೆಯದು ಉಳಿದದ್ದು ಇಲ್ಲಿ, ಸವೆದದ್ದು ರಾಜಧಾನಿಯಲ್ಲಿ. ಗೌರವಕ್ಕೆ ಮನಿಲಾದ 'ಪೊ' ಬದಲು 'ಹೊ' ಹೆಚ್ಚು. ನಮ್ಮ 'ರೀ' ಹಚ್ಚುವ ಕಡೆಯಲ್ಲೆಲ್ಲ ಹಚ್ಚಿದರೆ ತಪ್ಪಾಗದು.

ತಗಾಲೊಗ್‌ನಲ್ಲಿ ಸಂಸ್ಕೃತ ಇದೆಯಂತೆ. ಭಾರತದಿಂದ ಜನ ಹೋಗಿ ನೆಲೆಸಿದ್ದರೇ?

ಪದಗಳಿವೆ: 'ಮುಖಾ' ಮುಖ, 'ಗುರೊ' ಶಿಕ್ಷಕ, 'ಆಸಾ' ಆಸೆ, 'ದುಖಾ' ಬಡವ, 'ದಿವಾತಾ' ವನದೇವತೆ, 'ಹಲಗಾ' ಬೆಲೆ (ಅರ್ಘ). ಆದರೆ ಇವು ಹೆಚ್ಚಾಗಿ ಮಲಯ, ಜಾವಾ ಮಾತುಗಳ ಮೂಲಕ ವ್ಯಾಪಾರದ ದಾರಿಯಲ್ಲಿ ಬಂದವು. ಪದ ಕಂಡಲ್ಲೆಲ್ಲ ವಲಸೆ ಕಾಣುವುದು ಆತುರ.

ನಿಜವಾದ ಬೆರಗು ಪಕ್ಕದ ಲಗೂನಾ ಪ್ರಾಂತ್ಯದಲ್ಲಿದೆ. ಅಲ್ಲಿ 1989ರಲ್ಲಿ ಸಿಕ್ಕ ತಾಮ್ರಪಟ ಸಾಲ ತೀರಿದ ಕಾಗದ. ಲಿಪಿಯ ಹೆಸರು 'ಕವಿ', ಅಂದರೆ ದಕ್ಷಿಣ ಭಾರತದ ಪಲ್ಲವ ಲಿಪಿಯ ಮೊಮ್ಮಗಳು. ಭಾಷೆ ಹಳೆಯ ಮಲಯ. ಶುರುವಾಗುವುದು ಹೀಗೆ: 'ಸ್ವಸ್ತಿ ಶಕವರ್ಷಾತೀತ 822 ವೈಶಾಖ ಮಾಸ', ಮುಂದೆ ಚತುರ್ಥಿ, ಕೃಷ್ಣಪಕ್ಷ, ಸೋಮವಾರ. ಕ್ರಿ.ಶ. 900ರ ಏಪ್ರಿಲ್ 21. ಅದೇ ಕಾಲದಲ್ಲಿ ರಾಷ್ಟ್ರಕೂಟರ ನಾಡಿನಲ್ಲಿ ಕಲ್ಲಿನ ಮೇಲೆ ಕೊರೆಯುತ್ತಿದ್ದದ್ದೂ ಇದೇ 'ಸ್ವಸ್ತಿ', ಇದೇ ಶಕವರ್ಷ. ಬತಾಂಗಸ್‌ನ ಕಲತಗಾನ್‌ನಲ್ಲಿ ಸಿಕ್ಕ ಮಡಕೆಯೊಂದರ ಕತ್ತಿನ ಸುತ್ತಲೂ ಅಕ್ಷರಗಳಿವೆ. ಅದನ್ನು ಓದಿದೆವು ಎಂದವರು ಹಲವರು, ಒಬ್ಬರ ಓದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಮಡಕೆ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸೊತ್ತು.